ಅರಮನೆಯ ಹಿತ್ತಿಲ ಬಾಗಿಲು

ಕರಾವಳಿಯ ಕಡೆ ಹೋದವರು ಬ್ರಹ್ಮಾವರದ ಎಸ್.ಎಂ.ಎಸ್. ಕಾಲೇಜಿನ ಹೆಸರು ಕೇಳಿರಬಹುದು. ಮೂರು ಅಕ್ಷರ ಬಿಡಿಸಿದರೆ ಸೇಂಟ್ ಮೇರೀಸ್ ಸಿರಿಯನ್. ಮೇರಿಯಮ್ಮ ಸರಿ, ಸಿರಿಯಾ ಯಾಕೆ? ಉಡುಪಿಯಿಂದ ಕುಂದಾಪುರದ ಹಾದಿಯಲ್ಲಿರುವ ಊರು ಅದು. ತುಳು, ಕನ್ನಡ, ಕೊಂಕಣಿ ಮೂರೂ ಒಂದೇ ಅಂಗಡಿಯ ಕಟ್ಟೆಯ ಮೇಲೆ ಕೇಳಿಸುತ್ತವೆ. ಅಲ್ಲಿಯ ಕೊಂಕಣಿ ಕ್ರೈಸ್ತರ ಹಿರಿಯರು ಗೋವೆಯಿಂದ ಬಂದವರು. ಅವರ ದೊಡ್ಡ ಇಗರ್ಜಿಗೆ ಆ ದೂರದ ದೇಶದ ಹೆಸರು ಅಂಟಿಕೊಂಡದ್ದು ಹೇಗೆ ಎಂಬ ಪ್ರಶ್ನೆಯ ಬೆನ್ನು ಹತ್ತಿ ಹೋದರೆ, ಸಾವಿರದ ಐನೂರು ವರ್ಷ ಹಿಂದಿನ ಒಬ್ಬ ಮಹಾರಾಣಿಯ ಅಡುಗೆಮನೆಯ ತನಕ ಹೋಗಿ ನಿಲ್ಲಬೇಕಾಗುತ್ತದೆ. ಆ ರಾಣಿಯ ಬಗ್ಗೆ ಇತಿಹಾಸಕಾರರು ಬರೆದದ್ದನ್ನು ಓದಿದಾಗ ನನಗೆ ಬಂದ ಸಿಟ್ಟೇ ಈ ಲೇಖನಕ್ಕೆ ಕಾರಣ.

ಮೊದಲು ಬ್ರಹ್ಮಾವರದ ಕತೆ. ಪೋರ್ಚುಗೀಸರು ಹಡಗಿನಲ್ಲಿ ಬಂದ ಕಾಲದಿಂದ ಪೂರ್ವದೇಶಗಳ ಬಿಷಪ್ಪರನ್ನು ಸೂಚಿಸುವ ಹಕ್ಕು ಪೋರ್ಚುಗಲ್ಲಿನ ಅರಸನಿಗೆ ಇತ್ತು. ಪೋಪರೇ ಕೊಟ್ಟ ಹಕ್ಕು. ಅದಕ್ಕೆ ಪದ್ರುವಾದೋ ಎಂದು ಹೆಸರು. ಅರಸ ಖರ್ಚು ಕೊಡಬೇಕು, ಬದಲಿಗೆ ಗುರುಗಳನ್ನು ಆತ ಆರಿಸುತ್ತಾನೆ. ಪೋರ್ಚುಗಲ್ಲಿನ ಕೈ ಸೋಲುತ್ತ ಬಂದಂತೆ ರೋಮ್ 1622ರಲ್ಲಿ ತನ್ನದೇ ಪ್ರಚಾರ ಸಂಸ್ಥೆಯನ್ನು ಕಟ್ಟಿ ತನ್ನ ಪಾದ್ರಿಗಳನ್ನು ನೇರವಾಗಿ ಕಳಿಸತೊಡಗಿತು. ಒಂದೇ ಊರಿಗೆ ಇಬ್ಬರು ಯಜಮಾನರಾದರು. 1886ರಲ್ಲಿ ಪೋಪ್ ಹದಿಮೂರನೆಯ ಲಿಯೋ ಮತ್ತು ಪೋರ್ಚುಗಲ್ಲಿನ ಅರಸ ಲೂಯಿಸ್ ಒಂದು ಒಪ್ಪಂದಕ್ಕೆ ಬಂದು ಯಾವ ಇಗರ್ಜಿ ಯಾರಿಗೆ ಎಂದು ಹಂಚಿಕೊಂಡರು. ಮಂಗಳೂರು ಸೀಮೆ ರೋಮಿನ ಕೈಗೆ ಬಂತು. ಅಲ್ಲಿ 1878ರ ಕೊನೆಯಿಂದಲೇ ಯುರೋಪಿನ ಯೇಸುಸಭೆಯ ಪಾದ್ರಿಗಳು ನೆಲೆಸಿದ್ದರು. ಇಷ್ಟೆಲ್ಲ ನಡೆಯುವಾಗ ಆ ಇಗರ್ಜಿಗಳಲ್ಲಿ ಮೊಣಕಾಲೂರಿ ಕೂಡುವ ಜನರನ್ನು ಯಾರೂ ಕೇಳಲಿಲ್ಲ.

ಕೇಳಿಸಿಕೊಳ್ಳದೆ ಹಂಚಿಹೋದವರಲ್ಲಿ ಬ್ರಹ್ಮಾವರದ ಜನವೂ ಇದ್ದರು. ಅವರಿಗೆ ತಮ್ಮ ಹಳೆಯ ಗೋವೆಯ ಸಂಬಂಧವೇ ಬೇಕಿತ್ತು, ತಮ್ಮ ಜನದ ಪಾದ್ರಿಗಳೇ ಬೇಕಿದ್ದರು. ಅದೇ ಹೊತ್ತಿಗೆ ಗೋವೆಯ ವೆರ್ಣಾದಲ್ಲಿ 1836ರಲ್ಲಿ ಹುಟ್ಟಿದ ಆಂತೋನಿಯೋ ಫ್ರಾನ್ಸಿಸ್ಕೋ ಶವಿಯೇರ್ ಅಲ್ವಾರಿಸ್ ಎಂಬ ಪಾದ್ರಿ, ಪತ್ರಿಕೆ ನಡೆಸಿ ಅಧಿಕಾರಿಗಳ ಕಣ್ಣಿಗೆ ಮುಳ್ಳಾದವರು, ರೋಮನ್ನೂ ಗೋವೆಯನ್ನೂ ಬಿಟ್ಟು ಕೇರಳದ ಸಿರಿಯನ್ ಕ್ರೈಸ್ತರ ಬಳಿ ಹೋದರು. 1889ರ ಜುಲೈ 29ರಂದು ಕೊಟ್ಟಾಯಂನಲ್ಲಿ ಅವರಿಗೆ ಬಿಷಪ್ ದೀಕ್ಷೆಯಾಯಿತು, ಮಾರ್ ಜೂಲಿಯಸ್ ಎಂದು ಹೆಸರಾಯಿತು. ದೀಕ್ಷೆ ಕೊಟ್ಟವರಲ್ಲಿ ಪರುಮಲದ ಮಾರ್ ಗ್ರೆಗೋರಿಯೋಸರೂ ಒಬ್ಬರು. ಬ್ರಹ್ಮಾವರದ ನೂರಾರು ಮನೆತನಗಳು ಪಾದ್ರಿ ರೊಕ್ ಜೆಫಿರಿನ್ ನೊರೊನ್ಹಾ ಅವರ ಹಿಂದೆ ಈ ಹೊಸ ಬಿಷಪ್ಪರ ಕಡೆ ನಡೆದವು. ಹೀಗೆ ಸಿರಿಯಾದ ಹೆಸರು ಸೀತಾನದಿಯ ಸೀಮೆಗೆ ಬಂತು.

ಇದರಲ್ಲಿ ಒಂದು ವಿಚಿತ್ರ ನೋಡಿ. ಕೇರಳದ ಹಳೆಯ ಕ್ರೈಸ್ತರನ್ನು 1599ರಲ್ಲಿ ಉದಯಂಪೇರೂರಿನ ಸಭೆ ಕರೆದು ರೋಮಿನ ಪದ್ಧತಿಗೆ ಒಗ್ಗಿಸಿದವರು ಗೋವೆಯ ಆರ್ಚ್‌ಬಿಷಪ್ಪರೇ. ಅದನ್ನು ಸಹಿಸದೆ 1653ರಲ್ಲಿ ಮಟ್ಟಂಚೇರಿಯಲ್ಲಿ ಶಿಲುಬೆಯ ಮುಂದೆ ಆಣೆ ಹಾಕಿ ಹೊರಬಂದವರ ವಂಶವೇ ಕೊಟ್ಟಾಯಂನ ಸಿರಿಯನ್ನರು. ಅಂದರೆ ಪೋರ್ಚುಗೀಸರ ಯಜಮಾನಿಕೆ ಬೇಡವೆಂದು ಸಿಡಿದವರ ಮನೆಗೆ, ಪೋರ್ಚುಗೀಸರ ಯಜಮಾನಿಕೆಯೇ ಬೇಕೆಂದು ಹಟ ಹಿಡಿದವರು ಹೋಗಿ ಆಶ್ರಯ ಕೇಳಿದರು! ಸಿಕ್ಕಿತು ಕೂಡ. ಲ್ಯಾಟಿನ್ ಪದ್ಧತಿಯ ಪೂಜೆಯನ್ನೇ ಮುಂದುವರಿಸಲು ಅವಕಾಶವೂ ಆಯಿತು. ಮೊದಮೊದಲು ಬದಲಾದದ್ದು ಪ್ರಾರ್ಥನೆಯ ನಡುವೆ ಹೇಳುವ ಬಿಷಪ್ಪರ ಹೆಸರು ಅಷ್ಟೇ ಅನ್ನಬಹುದು.

ಹೆಸರು ಅಷ್ಟೇ ಎಂದು ನಾವು ಹೆಂಗಸರು ಹಗುರಾಗಿ ಅನ್ನುವ ಹಾಗಿಲ್ಲ. ಲಗ್ನಪತ್ರಿಕೆಯಲ್ಲಿ ದೊಡ್ಡಪ್ಪನ ಹೆಸರು ಬಿಟ್ಟುಹೋದರೆ ಎಷ್ಟು ವರ್ಷ ಮಾತು ನಿಲ್ಲುತ್ತದೆ ಎಂಬುದು ನಮಗೆ ಗೊತ್ತು. ಬೈಜಾಂಟಿಯಮ್ಮಿನಲ್ಲಿಯೂ, ಅಂದರೆ ರೋಮ್ ಸಾಮ್ರಾಜ್ಯದ ಪೂರ್ವ ಭಾಗದಲ್ಲಿ, ಕಾನ್‌ಸ್ಟಾಂಟಿನೋಪಲ್ ರಾಜಧಾನಿಯಾಗಿದ್ದ ಕಡೆ, ಪೂಜೆಯ ಹೊತ್ತಿಗೆ ಓದುವ ಹೆಸರುಗಳ ಪಟ್ಟಿಯೇ ಒಡಂಬಡಿಕೆಯ ಗುರುತಾಗಿತ್ತು. ಜಗಳವಾದರೆ ಹೆಸರು ಹೊಡೆಯುವುದು, ರಾಜಿಯಾದರೆ ಹೆಸರು ಸೇರಿಸುವುದು. ಅಕಾಕಿಯಸ್ ಎಂಬ ಅಲ್ಲಿಯ ಮಠಾಧಿಪತಿ 489ರಲ್ಲಿ ತೀರಿಕೊಂಡ. 519ರಲ್ಲಿ ರೋಮಿನ ಜೊತೆ ರಾಜಿಯಾಗಬೇಕಾದಾಗ, ಸತ್ತು ಮೂವತ್ತು ವರ್ಷವಾಗಿದ್ದವನ ಹೆಸರನ್ನು ಹುಡುಕಿ ಪಟ್ಟಿಯಿಂದ ಹೊಡೆದರು.

ಬ್ರಹ್ಮಾವರದ ಈ ಘಟನೆಯನ್ನು ಹೇಳುವವರು ಎರಡು ಥರ. ಒಂದು ಕಡೆಯವರಿಗೆ ಅದು ಒಡಕು, ಅಧಿಕಾರದ ಆಸೆಗೆ ಬಿದ್ದ ಪಾದ್ರಿಯೊಬ್ಬ ಮುಗ್ಧ ಜನರ ದಾರಿ ತಪ್ಪಿಸಿದ್ದು. ಇನ್ನೊಂದು ಕಡೆಯವರಿಗೆ ಅದು ಮೂಲಕ್ಕೆ ಮರಳಿದ್ದು, ಸತ್ಯದ ಗೆಲುವು. ಎರಡೂ ನನಗೆ ಒಪ್ಪಿಗೆಯಾಗಲಿಲ್ಲ. ಮೊದಲನೆಯ ಹೇಳಿಕೆಯಲ್ಲಿ ಜನ ಕುರಿಗಳು, ಎರಡನೆಯದರಲ್ಲಿ ದೇವಶಾಸ್ತ್ರದ ಪಂಡಿತರು. ಎರಡೂ ಕಡೆ ಮನೆ ಎನ್ನುವುದೇ ಇಲ್ಲ. ಅಲ್ವಾರಿಸರ ಮುಂದಿನ ಬದುಕಂತೂ ಅಧಿಕಾರದಾಸೆಯವರ ಬದುಕಿನಂತೆ ಕಾಣುವುದಿಲ್ಲ. ಪಣಜಿಗೆ ಮರಳಿ ಬಡವರಿಗೆ ಆಶ್ರಯ ನಡೆಸಿದರು, ಕಾಲರಾ ಚಿಕಿತ್ಸೆಯ ಬಗ್ಗೆ ಪುಸ್ತಿಕೆ ಬರೆದರು, ಪೋರ್ಚುಗೀಸ್ ಸರ್ಕಾರ ಬಂಧಿಸಿದಾಗ ಸಹಿಸಿದರು, 1923ರಲ್ಲಿ ರಿಬಂದರ್ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರು 1892ರಲ್ಲಿ ಕೊಲಂಬೊದಲ್ಲಿ ರೆನೆ ವಿಲಾತ್ ಎಂಬವನಿಗೆ ದೀಕ್ಷೆ ಕೊಟ್ಟರು. ಆ ವಿಲಾತ್ 1921ರಲ್ಲಿ ಅಮೆರಿಕದಲ್ಲಿ ಜಾರ್ಜ್ ಅಲೆಕ್ಸಾಂಡರ್ ಮೆಕ್‌ಗಯರ್ ಅವರಿಗೆ ಕೊಟ್ಟ. ಕಪ್ಪು ಜನರ ಆಫ್ರಿಕನ್ ಆರ್ಥೊಡಾಕ್ಸ್ ಚರ್ಚು ಹುಟ್ಟಿದ್ದು ಹೀಗೆ. ಬ್ರಹ್ಮಾವರದ ಬಿಷಪ್ಪರ ಕೈ ಎಲ್ಲಿಯ ತನಕ ಚಾಚಿತು ನೋಡಿ!

ಈಗ ಕೊಟ್ಟಾಯಂನಿಂದ ಹಿಂದಕ್ಕೆ ಹೋಗೋಣ. ಕೇರಳದವರು ಅಂತಿಯೋಕಿಯದ ಸಿರಿಯನ್ ಚರ್ಚಿನ ಜೊತೆ ನಂಟು ಬೆಳೆಸಿದ್ದು 1665ರಲ್ಲಿ. ಆ ಸಿರಿಯನ್ ಚರ್ಚನ್ನು ಬಹಳ ಕಾಲ ಯಾಕೋಬಾಯ ಎಂದು ಕರೆಯುತ್ತಿದ್ದರು, ಯಾಕೋಬ್ ಬುರ್ದಾನಾ ಎಂಬ ಸನ್ಯಾಸಿಯ ಹೆಸರಿನಿಂದ. ಕುದುರೆಯ ಬೆನ್ನಿಗೆ ಹಾಕುವ ಚಿಂದಿ ಕಂಬಳಿ ಹೊದ್ದು ತಿರುಗುತ್ತಿದ್ದವನಾದ್ದರಿಂದ ಆ ಅಡ್ಡಹೆಸರು. ಚಕ್ರವರ್ತಿಯ ಸೈನಿಕರ ಕಣ್ಣು ತಪ್ಪಿಸಿ ಊರೂರು ಅಲೆದು ಗುಟ್ಟಾಗಿ ಪಾದ್ರಿಗಳಿಗೂ ಬಿಷಪ್ಪರಿಗೂ ದೀಕ್ಷೆ ಕೊಟ್ಟು, ಅಳಿದುಹೋಗಲಿದ್ದ ಪಂಗಡವನ್ನು ಉಳಿಸಿದವನು ಆತ. ನಮ್ಮ ಜಂಗಮರ ನೆನಪು ಬರುತ್ತದೆ. ಅವನಿಗೆ 542ರ ಸುಮಾರಿಗೆ ರಾಜಧಾನಿಯಲ್ಲಿಯೇ ಬಿಷಪ್ ದೀಕ್ಷೆಯಾಗುವಂತೆ ನೋಡಿಕೊಂಡವಳು ಯಾರು? ಆ ಪಂಗಡವನ್ನು ತುಳಿಯುತ್ತಿದ್ದ ಚಕ್ರವರ್ತಿ ಜಸ್ಟಿನಿಯನ್ನನ ಹೆಂಡತಿ, ಥಿಯೊಡೋರಾ.

ಥಿಯೊಡೋರಾ ಬಯಲಾಟದ ಮೈದಾನದಲ್ಲಿ ಕರಡಿ ಸಾಕುತ್ತಿದ್ದವನ ಮಗಳು. ತಂದೆ ಸತ್ತ ಮೇಲೆ ಅಕ್ಕತಂಗಿಯರೆಲ್ಲ ರಂಗದ ಮೇಲೆ ಕುಣಿದು ಹೊಟ್ಟೆ ಹೊರೆದವರು. ಅಂಥವಳನ್ನು ಉನ್ನತ ಕುಲದವನು ಮದುವೆಯಾಗಲು ಕಾನೂನು ಬಿಡುತ್ತಿರಲಿಲ್ಲ. ಕಾನೂನನ್ನೇ ತಿದ್ದಿಸಿ ಜಸ್ಟಿನಿಯನ್ ಮದುವೆಯಾದ. 527ರಲ್ಲಿ ಇಬ್ಬರಿಗೂ ಕಿರೀಟ. 532ರಲ್ಲಿ ರಾಜಧಾನಿ ದಂಗೆಯೆದ್ದು ಗಂಡ ದೋಣಿ ಹತ್ತಿ ಓಡಲು ಸಿದ್ಧನಾದಾಗ, ತಾನು ರಾಣಿಯಾಗಿಯೇ ಸಾಯುತ್ತೇನೆ ಹೊರತು ಓಡಲಾರೆ ಎಂದು ನಿಂತವಳು ಇವಳೇ ಎಂದು ಪ್ರೊಕೋಪಿಯಸ್ ಬರೆಯುತ್ತಾನೆ.

ಈ ಪ್ರೊಕೋಪಿಯಸ್ಸನ ಬಗ್ಗೆ ನಾನು ಸ್ವಲ್ಪ ನಿಧಾನಿಸಿ ಹೇಳಬೇಕು. ಅವನ ಗುಟ್ಟಿನ ಚರಿತ್ರೆಯನ್ನು ವಿಲಿಯಮ್ಸನ್ 1966ರಲ್ಲಿ ಪೆಂಗ್ವಿನ್ ಮಾಲೆಗಾಗಿ ಇಂಗ್ಲಿಷಿಗೆ ತಂದಿದ್ದಾರೆ. ಧುಪದಾಳದಲ್ಲಿ ಘಟಪ್ರಭೆಯ ಒಡ್ಡಿನ ಮೇಲಿಂದ ನೀರು ಬೀಳುವ ಸಪ್ಪಳ ಕೇಳುತ್ತ ನಾಲ್ಕು ಮಧ್ಯಾಹ್ನ ಕೂತು ಓದಿದೆ. ಓದಿಸಿಕೊಂಡು ಹೋಗುವ ಪುಸ್ತಕ, ಸುಳ್ಳು ಹೇಳಬಾರದು. ಹಾಳು ಹರಟೆಯೂ ಓದಿಸಿಕೊಂಡೇ ಹೋಗುತ್ತದಲ್ಲ! ಒಬ್ಬನೇ ಲೇಖಕ ಮೂರು ಬಗೆಯ ಪುಸ್ತಕ ಬರೆದ. ಯುದ್ಧಗಳ ಚರಿತ್ರೆಯಲ್ಲಿ ಗಂಭೀರ. ಕಟ್ಟಡಗಳ ಪುಸ್ತಕದಲ್ಲಿ ಚಕ್ರವರ್ತಿಯ ಹೊಗಳುಭಟ. ಗುಟ್ಟಿನ ಚರಿತ್ರೆಯಲ್ಲಿ ಗಂಡ ಹೆಂಡತಿ ಇಬ್ಬರೂ ಮನುಷ್ಯರೂಪದ ಪಿಶಾಚಿಗಳು, ರಾಣಿಯ ಹರೆಯದ ಬಗ್ಗೆ ಬಾಯಿಬಿಟ್ಟು ಹೇಳಲಾಗದ ಮಾತು ಪುಟಗಟ್ಟಲೆ.

ಒಂದೇ ಸಂಗತಿಯನ್ನು ತೆಗೆದುಕೊಂಡು ಅವನ ನಿಯತ್ತನ್ನು ತೂಗಬಹುದು. ಮೈಮಾರಿ ಬದುಕುತ್ತಿದ್ದ ಹೆಂಗಸರನ್ನು ಬಿಡಿಸಿ ಇರಿಸಲು ರಾಜದಂಪತಿಗಳು ಒಂದು ಅರಮನೆಯನ್ನೇ ಬಿಟ್ಟುಕೊಟ್ಟರು. ಪಶ್ಚಾತ್ತಾಪ ಎಂದೇ ಆ ಮನೆಯ ಹೆಸರು. ಕಟ್ಟಡಗಳ ಪುಸ್ತಕದಲ್ಲಿ ಇದು ಮಹಾಪುಣ್ಯದ ಕೆಲಸ, ಹಸಿವಿಗಾಗಿ ಕೆಟ್ಟವರಿಗೆ ದಾರಿ ತೋರಿದ ಕರುಣೆ. ಗುಟ್ಟಿನ ಚರಿತ್ರೆಯಲ್ಲಿ ಅದೇ ಮನೆ ಸೆರೆಮನೆ. ಐನೂರಕ್ಕೂ ಹೆಚ್ಚು ಹೆಂಗಸರನ್ನು ಹಿಡಿದು ತಂದು ಕೂಡಿದರು, ಕೆಲವರು ರಾತ್ರಿ ಎತ್ತರದಿಂದ ಹಾರಿಕೊಂಡರು. ವಿದ್ವಾಂಸರು ಯಾವುದು ನಿಜ ಎಂದು ಚರ್ಚಿಸುತ್ತಾರೆ. ನನಗೆ ಎರಡೂ ನಿಜವಿರಬಹುದು ಅನಿಸುತ್ತದೆ. ಉದ್ಧಾರದ ಮನೆಗಳನ್ನು ಕಂಡವರಿಗೆ ಇದು ಹೊಸದಲ್ಲ. ನನ್ನ ತಕರಾರು ಬೇರೆ. ಎರಡೂ ಪುಸ್ತಕದಲ್ಲಿ ಆ ಹೆಂಗಸರು ರಾಣಿಯನ್ನು ಹೊಗಳಲು ಇಲ್ಲವೇ ಬೈಯಲು ಸಿಕ್ಕ ಸಾಕ್ಷಿ ಮಾತ್ರ. ಅವರಲ್ಲಿ ಒಬ್ಬಳಿಗೂ ಹೆಸರಿಲ್ಲ.

ಆ ಗುಟ್ಟಿನ ಚರಿತ್ರೆ ರೋಮಿನ ವ್ಯಾಟಿಕನ್ ಗ್ರಂಥಾಲಯದಲ್ಲಿ ಸಿಕ್ಕು 1623ರಲ್ಲಿ ಅಚ್ಚಾಯಿತು. ಮುಂದೆ ಗಿಬ್ಬನ್ ಮಹಾಶಯ ತನ್ನ ರೋಮ್ ಸಾಮ್ರಾಜ್ಯದ ಅವನತಿಯ ಇತಿಹಾಸದಲ್ಲಿ ಅದನ್ನು ಧಾರಾಳವಾಗಿ ಬಳಸಿಕೊಂಡ. ಅಸಭ್ಯ ಭಾಗಗಳನ್ನು ಮಾತ್ರ ಗ್ರೀಕಿನಲ್ಲೇ ಅಡಿಟಿಪ್ಪಣಿಗೆ ಸೇರಿಸಿದ. ಅಂದರೆ ಗ್ರೀಕ್ ಕಲಿತ ಗಂಡಸರು ಓದಿ ನಗಬಹುದು, ಮನೆಯ ಹೆಂಗಸರಿಗೆ ರಾಣಿ ಕೆಟ್ಟವಳು ಎಂಬ ತೀರ್ಪು ಮಾತ್ರ ತಲುಪುತ್ತದೆ, ಸಾಕ್ಷ್ಯ ತಲುಪುವುದಿಲ್ಲ. ರೋಮಿನ ಪೋಪರ ಚರಿತ್ರೆಯಲ್ಲಿಯೂ ಅವಳು ಖಳನಾಯಕಿಯೇ. ಪೋಪ್ ಸಿಲ್ವೇರಿಯಸ್ಸನನ್ನು 537ರಲ್ಲಿ ಪೀಠದಿಂದ ಇಳಿಸಿದ ಕೈವಾಡ ಅವಳದೆಂದು ಅಲ್ಲಿ ಬರೆದಿದೆ. ಅದು ಪೂರಾ ಸುಳ್ಳು ಎಂದು ಅವಳ ಪರ ವಕಾಲತ್ತು ಮಾಡಲು ನಾನು ಹೊರಟಿಲ್ಲ. ಅಧಿಕಾರ ಕೈಯಲ್ಲಿದ್ದವಳು, ಅದನ್ನು ಬಳಸಿದಳು.

ಸಿರಿಯನ್ನರ ಕಡೆ ಬಂದರೆ ಚಿತ್ರ ಬೇರೆ. ಅವಳನ್ನು ಹತ್ತಿರದಿಂದ ಬಲ್ಲ ಎಫೆಸದ ಯೋಹಾನ ತನ್ನ ಸಂತರ ಚರಿತ್ರೆಯಲ್ಲಿ, ಅವಳು ಸೂಳೆಗೇರಿಯಿಂದ ಬಂದವಳು ಎಂದು ಒಂದೇ ಮಾತಿನಲ್ಲಿ, ನಾಚಿಕೆಯಿಲ್ಲದೆ ಮತ್ತು ನಂಜಿಲ್ಲದೆ ಹೇಳಿ ಮುಂದೆ ಹೋಗುತ್ತಾನೆ. ಅವನಿಗೆ ಮುಖ್ಯವಾದದ್ದು ಅವಳು ಮಾಡಿದ ಕೆಲಸ. ಸಿರಿಯಾ, ಈಜಿಪ್ಟಿನಿಂದ ಓಡಿಬಂದ ಐನೂರರಷ್ಟು ಸನ್ಯಾಸಿಗಳಿಗೆ ಅವಳು ಹೊರ್ಮಿಸ್ದ ಅರಮನೆಯಲ್ಲಿ ಜಾಗ ಕೊಟ್ಟು ಊಟ ಹಾಕಿದಳು. ಪೀಠ ಕಳೆದುಕೊಂಡ ಅಂಥಿಮಸ್ ಎಂಬ ಮಠಾಧಿಪತಿಯನ್ನು ಅಂತಃಪುರದಲ್ಲಿ ವರ್ಷಗಟ್ಟಲೆ ಬಚ್ಚಿಟ್ಟಳು. 548ರಲ್ಲಿ ಅವಳು ಸತ್ತ ಮೇಲೆಯೇ ಆತ ಬದುಕಿರುವುದು ಜನಕ್ಕೆ ಗೊತ್ತಾದದ್ದು. ಗಂಡ ದರ್ಬಾರಿನಲ್ಲಿ ಕೂತು ಯಾರನ್ನು ಗಡಿಪಾರು ಮಾಡುತ್ತಾನೋ, ಹೆಂಡತಿ ಅವರಿಗೇ ಹಿತ್ತಿಲ ಬಾಗಿಲಿನಿಂದ ಅನ್ನ ಕಳಿಸುತ್ತಾಳೆ! ಇದು ಇಬ್ಬರೂ ಸೇರಿ ಹೂಡಿದ ಆಟ, ಜನರನ್ನು ಒಡೆದು ಆಳುವ ಉಪಾಯ ಎಂದು ಪ್ರೊಕೋಪಿಯಸ್ಸನ ಅನುಮಾನ. ಪಡಸಾಲೆಯಲ್ಲಿ ಗಂಡ ಕಡ್ಡಿ ಮುರಿದಂತೆ ಇಲ್ಲ ಅಂದದ್ದನ್ನು ಹಿಂದಿನಿಂದ ಹೆಂಡತಿ ನಡೆಸಿಕೊಡುವ ಸಂಸಾರ ಅವನು ನೋಡಿರಲಿಲ್ಲವೇನೋ.

ಆದರೆ ಸಿರಿಯನ್ನರಿಗೂ ಮುಂದೆ ಅವಳ ಹುಟ್ಟು ಮುಜುಗರವಾಯಿತು. ನಂತರದ ಬರಹಗಳಲ್ಲಿ ಅವಳು ಕರಡಿಯವನ ಮಗಳಲ್ಲ, ಪಾದ್ರಿಯೊಬ್ಬನ ಸುಶೀಲೆಯಾದ ಮಗಳು. ಪ್ರೊಕೋಪಿಯಸ್ಸನ ಕೆಸರಿಗೂ ಈ ಸುಣ್ಣಕ್ಕೂ ನನಗೆ ದೊಡ್ಡ ಫರಕು ಕಾಣುವುದಿಲ್ಲ. ಅಂಥ ಹೆಣ್ಣು ದೊಡ್ಡ ಕೆಲಸ ಮಾಡಿರಲಾರಳು ಎಂಬ ನಂಬಿಕೆ ಎರಡರಲ್ಲೂ ಇದೆ. ಒಬ್ಬ ಕೆಲಸವನ್ನು ಅಳಿಸಿದ, ಇನ್ನೊಬ್ಬರು ಹೆಣ್ಣನ್ನು ಅಳಿಸಿದರು. ಈ ವಿಷಯದಲ್ಲಿ ನಮ್ಮ ಕಲ್ಯಾಣದವರು ಮೇಲು. ಸೂಳೆ ಸಂಕವ್ವ ಎಂದು ಕಸುಬಿನ ಸಮೇತ ಹೆಸರು ಉಳಿಸಿಕೊಂಡರು, ನಿರ್ಲಜ್ಜೇಶ್ವರ ಎಂಬ ಅವಳ ಅಂಕಿತವನ್ನೂ ಉಳಿಸಿಕೊಂಡರು. ಒಂದೇ ವಚನ ಉಳಿದಿದೆ ಎಂಬ ಕೊರಗು ಬೇರೆ.

ಇಷ್ಟಕ್ಕೂ ಜಗಳ ಏನಿತ್ತು? 451ರಲ್ಲಿ ಚಾಲ್ಸೆಡನ್ ಎಂಬ ಊರಿನಲ್ಲಿ ಮಹಾಸಭೆ ಸೇರಿತು. ಕರೆಸಿದವರು ಚಕ್ರವರ್ತಿ ಮಾರ್ಸಿಯನ್ ಮತ್ತು ರಾಣಿ ಪುಲ್ಕೇರಿಯಾ. ಆಜೀವ ಕನ್ಯಾವ್ರತ ಬಿಡದೆ, ರಾಜ್ಯಕ್ಕೆ ಒಬ್ಬ ಗಂಡಸು ಬೇಕೆಂಬ ಕಾರಣಕ್ಕೆ ಮದುವೆಯಾದ ಗಟ್ಟಿಗಿತ್ತಿ ಅವಳು. ಕ್ರಿಸ್ತನಲ್ಲಿ ದೈವ ಮತ್ತು ಮಾನುಷ ಎಂಬ ಎರಡು ಸ್ವಭಾವಗಳಿವೆ, ವ್ಯಕ್ತಿ ಒಬ್ಬನೇ ಎಂದು ಸಭೆ ಸಾರಿತು. ರೋಮ್ ಮತ್ತು ಕಾನ್‌ಸ್ಟಾಂಟಿನೋಪಲ್ ಒಪ್ಪಿದವು. ಸಿರಿಯಾ, ಈಜಿಪ್ಟಿನ ಬಹುಜನ ಒಪ್ಪಲಿಲ್ಲ. ಎರಡೂ ಕೂಡಿದ ಮೇಲೆ ಸ್ವಭಾವ ಒಂದೇ ಎಂದರು. ಕುಲುಮೆಯಲ್ಲಿ ಕೆಂಪಾದ ಕಬ್ಬಿಣದಲ್ಲಿ ಬೆಂಕಿಯನ್ನು ಬೇರೆ, ಕಬ್ಬಿಣವನ್ನು ಬೇರೆ ಎಂದು ಬಿಡಿಸಿ ತೋರಿಸು ಎಂದಂತೆ ಅವರ ವಾದ. ಪೂರ್ವ ಪಶ್ಚಿಮದ ಜಗಳವೆಂದು ಶಾಲೆಯ ಪುಸ್ತಕದಲ್ಲಿ ಬರುವ 1054ರದ್ದು ಇದಲ್ಲ. ಅದು ಗ್ರೀಕರಿಗೂ ರೋಮಿಗೂ ಆರು ನೂರು ವರ್ಷ ಆಮೇಲೆ ಆದದ್ದು. ಅದರಲ್ಲಿ ಪೂಜೆಯ ರೊಟ್ಟಿಗೆ ಹುಳಿ ಬೇಕೇ ಬೇಡವೇ ಎಂಬುದೂ ಒಂದು ದೊಡ್ಡ ವಾದವಾಗಿತ್ತು.

ಜಸ್ಟಿನಿಯನ್ 535ರ ಒಂದು ಶಾಸನದಲ್ಲಿ ಪೌರೋಹಿತ್ಯ ಮತ್ತು ಅರಸೊತ್ತಿಗೆ ಎರಡೂ ದೇವರು ಕೊಟ್ಟ ವರಗಳು, ಎರಡೂ ಹೊಂದಿ ನಡೆದರೆ ಲೋಕಕ್ಕೆ ಕ್ಷೇಮ ಎಂದು ವಿಧಿಸಿದ. ಕೇಳಲು ಚೆಂದ. ಹೊಂದುವುದೆಂದರೆ ಯಾರು ಯಾರಿಗೆ ಹೊಂದಬೇಕು ಎಂಬುದನ್ನು ಮಾತ್ರ ಅರಸ ತನ್ನ ಕೈಯಲ್ಲೇ ಇಟ್ಟುಕೊಂಡ. ಪೋರ್ಚುಗಲ್ಲಿನ ಪದ್ರುವಾದೋ ಹುಟ್ಟಿದ್ದು ಬೇರೆ ಬೇರಿನಿಂದ, ಫಲ ಅದೇ ರುಚಿಯದು. ನಮ್ಮ ಕಾಲುವೆಯ ಊರುಗಳಲ್ಲಿ ನೀರಿನ ಗುಣದ ಬಗ್ಗೆ ಜಗಳವಾದದ್ದನ್ನು ನಾನು ಕಂಡಿಲ್ಲ. ತೂಬಿನ ಕೀಲಿ ಯಾರ ಕೈಯಲ್ಲಿ ಎಂಬುದಕ್ಕೇ ಬಡಿದಾಟ. ಇದು ದೂರದ ಮಾತೂ ಅಲ್ಲ. ಸ್ವಾತಂತ್ರ್ಯ ಬಂದ ಮೇಲೆಯೂ ನಮ್ಮ ಬೆಳಗಾವಿ ಸೀಮೆಯ ಕ್ಯಾಥೊಲಿಕರಿಗೆ ತಮ್ಮದೇ ಧರ್ಮಪ್ರಾಂತ ಇರಲಿಲ್ಲ. 1953ರಲ್ಲಿ, ಗೋವೆಯ ಮತ್ತು ಪುಣೆಯ ಧರ್ಮಪ್ರಾಂತಗಳಿಂದ ನೆಲ ತೆಗೆದು ಬೆಳಗಾವಿಯದನ್ನು ಕಟ್ಟಿದರು.

ನಮ್ಮವರ ನೌಕರಿಯಿಂದಾಗಿ ಮೂರು ವರ್ಷ ಬ್ರಹ್ಮಾವರದಲ್ಲಿದ್ದಾಗ ಪಕ್ಕದ ಮನೆಯಲ್ಲಿ ಒಬ್ಬ ಬಾಯಮ್ಮ ಇದ್ದರು. ಆ ಕಡೆ ಕ್ರೈಸ್ತ ಹೆಂಗಸರನ್ನು ಹಾಗೆ ಕರೆಯುವುದು ರೂಢಿ. ಹುಟ್ಟಿದ್ದು ರೋಮಿನವರ ಮನೆಯಲ್ಲಿ, ಸೇರಿದ್ದು ಸಿರಿಯನ್ನರ ಮನೆಯನ್ನು. ಎರಡಕ್ಕೂ ವ್ಯತ್ಯಾಸವೇನು ಬಾಯಮ್ಮ ಎಂದು ಕೇಳಿದರೆ, "ಎಂತ ವ್ಯತ್ಯಾಸ ಅಮ್ಮ? ಅಲ್ಲಿಯ ರೊಟ್ಟಿಗೆ ಹುಳಿ ಇಲ್ಲ, ಇಲ್ಲಿಯ ರೊಟ್ಟಿಗೆ ಹುಳಿ ಉಂಟು" ಎಂದು ನಕ್ಕಿದ್ದರು. ಇನ್ನೊಂದು ದಿನ ನಗದೆ ಹೇಳಿದ್ದು ಇದು: "ತಂಗಿಯ ಮಗಳ ಮದುವೆಗೆ ಹೋಗಿದ್ದೆ. ಎಲ್ಲರೂ ಪರಮಪ್ರಸಾದಕ್ಕೆ ಎದ್ದು ಹೋದರು. ನಾನು ಬೆಂಚಿನಲ್ಲೇ ಕೂತೆ. ನಾನೇ ಎತ್ತಿ ಬೆಳೆಸಿದ ಮಗು ಅದು." ಎರಡು ಸ್ವಭಾವವೋ ಒಂದೋ ಎಂಬುದನ್ನು ಅವರು ಯಾವತ್ತೂ ಎತ್ತಲಿಲ್ಲ, ನನಗೂ ಕೇಳಬೇಕೆನಿಸಲಿಲ್ಲ.

ದೊಡ್ಡವರು ಈ ನಡುವೆ ಮಾತಾಡಿಕೊಂಡಿದ್ದಾರೆ. 1054ರ ಬಹಿಷ್ಕಾರಗಳನ್ನು ರೋಮ್ ಮತ್ತು ಕಾನ್‌ಸ್ಟಾಂಟಿನೋಪಲ್ 1965ರಲ್ಲಿ ಹಿಂದಕ್ಕೆ ಪಡೆದವು. 1984ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಮತ್ತು ಸಿರಿಯನ್ ಪಿತೃಪೀಠದ ಮೊದಲನೆಯ ಝಕ್ಕಾ ಒಂದು ಹೇಳಿಕೆಗೆ ಸಹಿ ಹಾಕಿ, ಚಾಲ್ಸೆಡನ್ನಿನ ನಂತರದ ಒಡಕುಗಳು ನಂಬಿಕೆಯ ತಿರುಳಿನವಲ್ಲ, ಮಾತಿನ ಬಳಕೆಯ ಮತ್ತು ಸಂಸ್ಕೃತಿಯ ಭೇದದಿಂದ ಆದವು ಎಂದರು. ಸಾವಿರದ ಐನೂರು ವರ್ಷ, ಯಾಕೋಬನ ಚಿಂದಿ ಕಂಬಳಿ, ಅಂಥಿಮಸ್ಸನ ಅಜ್ಞಾತವಾಸ, ಎಲ್ಲ ಮಾತಿನ ಬಳಕೆಗೆ! ಆ ಹೇಳಿಕೆಯಲ್ಲಿ ಒಂದು ಒಳ್ಳೆಯ ಸಂಗತಿ ಇದೆ. ತಮ್ಮ ಪಾದ್ರಿ ಸಿಗದ ಕಡೆ ಒಬ್ಬರು ಇನ್ನೊಬ್ಬರ ಬಳಿ ಪ್ರಸಾದ ಪಡೆಯಬಹುದು. 1994ರಲ್ಲಿ ಕೇರಳದಲ್ಲಿ ಎರಡೂ ಕಡೆಯ ಹುಡುಗ ಹುಡುಗಿ ತಮ್ಮ ತಮ್ಮ ಚರ್ಚಿನಲ್ಲೇ ಉಳಿದು ಮದುವೆಯಾಗಲು ಬರುವಂತೆ ಇನ್ನೊಂದು ಒಪ್ಪಂದವೂ ಆಯಿತು.

ಆದರೆ ಕೇರಳದ ಸಿರಿಯನ್ನರು 1912ರಿಂದ ಮತ್ತೆ ಎರಡು. ಒಂದು ಪಾಲು ಅಂತಿಯೋಕಿಯದ ಪಿತೃಪೀಠದ ಕಡೆ, ಇನ್ನೊಂದು ಪಾಲು ಕೊಟ್ಟಾಯಂನ ಕಥೋಲಿಕೋಸರ ಕಡೆ. 1984ರದ್ದೂ 1994ರದ್ದೂ ಪಿತೃಪೀಠದ ಕಡೆಯವರ ಜೊತೆ ಆದವು. ಬ್ರಹ್ಮಾವರದವರು ಕಥೋಲಿಕೋಸರ ಪಾಲಿನವರು. 2010ರಲ್ಲಿ ಅವರಿಗೆ ಬ್ರಹ್ಮಾವರವೆಂಬ ಹೆಸರಿನ ಸ್ವಂತ ಧರ್ಮಪ್ರಾಂತವೇ ಬಂತು. ಪೂಜೆ ಈಗ ಸಿರಿಯನ್ ಪದ್ಧತಿಯದು, ಭಾಷೆ ಕೊಂಕಣಿ, ಲಿಪಿ ಕನ್ನಡ. ಕಥೋಲಿಕೋಸರ ಚರ್ಚು ರೋಮಿನೊಡನೆ ಕ್ರಿಸ್ತನ ಸ್ವಭಾವದ ಬಗ್ಗೆ 1990ರಲ್ಲಿಯೇ ಒಮ್ಮತಕ್ಕೆ ಬಂದಿದೆ. ಮದುವೆಯ ಆ 1994ರ ಕಾಗದದಲ್ಲಿ ಮಾತ್ರ ಅವರ ಹೆಸರಿಲ್ಲ.